ಅರ್ಗಟ್ ಪರೀಕ್ಷೆ: ಮೊದಲು ದೀಪ, ಆಮೇಲೆ ಬಣ್ಣ

ನಮ್ಮ ಫಾರ್ಮಸಿ ಲ್ಯಾಬಿಗೆ ಅರ್ಗಟ್ ಬಂದರೆ ನಾನು ಮೊದಲು ಒಂದನ್ನು ಮುರಿದು ನೋಡುತ್ತೇನೆ. ಗೋಧಿಯಂಥ ಧಾನ್ಯವಾದ ರೈಯ ತೆನೆಯಲ್ಲಿ ಕಾಳು ಕಟ್ಟಬೇಕಾದ ಜಾಗದಲ್ಲಿ ಕ್ಲಾವಿಸೆಪ್ಸ್ ಪರ್ಪ್ಯೂರಿಯಾ ಅನ್ನೋ ಶಿಲೀಂಧ್ರ ಬೆಳೆಸುವ ಗಟ್ಟಿ ಕೊಂಬು ಇದು. 1ರಿಂದ 4 ಸೆಂ.ಮೀ ಉದ್ದ, ನೇರಳೆಗಪ್ಪು, ಮೈಮೇಲೆ ಉದ್ದುದ್ದ ಗೀರು. ಚೆನ್ನಾಗಿ ಒಣಗಿದ್ದರೆ ಟಕ್ ಅಂತ ಮುರಿಯುತ್ತದೆ, ಒಳಗೆ ಬಿಳಿ ಇಲ್ಲವೇ ನಸುಗುಲಾಬಿ. ಪುಡಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿದರೆ ಮೀನು ಮಾರ್ಕೆಟ್ಟಿನ ವಾಸನೆ. ಅದು ಟ್ರೈಮೀಥೈಲಮೈನ್. ಹುಡುಗರು ಈ ಪರೀಕ್ಷೆಯನ್ನು ಯಾವತ್ತೂ ಮರೆಯುವುದಿಲ್ಲ!

ಅರ್ಗಟ್ಟಿನಲ್ಲಿ ಸುಮಾರು ಮೂರನೇ ಒಂದು ಭಾಗ ಎಣ್ಣೆಯೇ. ಪೆಟ್ರೋಲಿಯಂ ಈಥರ್‌ನಿಂದ ಅದನ್ನು ತೆಗೆಯದೆ ಟಿಎಲ್‌ಸಿ ಪ್ಲೇಟ್ (ಬೆರೆತ ವಸ್ತುಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ಬಿಡಿಸುವ ತೆಳು ಲೇಪದ ಹಲಗೆ) ಓಡಿಸಿದರೆ ಚುಕ್ಕೆಗಳು ಬಾಲ ಬಿಡುತ್ತವೆ. ಅರ್ಗಟ್ಟಿಗೆ ಔಷಧ ಗುಣ, ವಿಷ ಎರಡನ್ನೂ ಕೊಡುವ ರಾಸಾಯನಿಕಗಳಾದ ಆಲ್ಕಲಾಯ್ಡ್‌ಗಳಿಗೆ ಬೆಳಕೂ ಆಗಿಬರುವುದಿಲ್ಲ, ಹಾಗಾಗಿ ದ್ರಾವಣ ಕಂದು ಬಾಟಲಿಯಲ್ಲೇ ಇರಬೇಕು. ಹೆರಿಗೆ ವಾರ್ಡಿನಲ್ಲಿ ರಕ್ತಸ್ರಾವ ತಡೆಯಲು ಕೊಡುವ ಮೀಥೈಲ್‌ಅರ್ಗೊಮೆಟ್ರಿನ್ ಇಂಜೆಕ್ಷನ್ ಕೂಡ ಇದೇ ಕಾರಣಕ್ಕೆ ಕಂದು ಆಂಪೂಲಿನಲ್ಲಿ ಇರುತ್ತದೆ, ಅದನ್ನು ಫ್ರಿಜ್ಜಿನಲ್ಲೂ ಇಡುತ್ತಾರೆ.

ನಮ್ಮ ಕಡೆಯವರಿಗೆ ಜಾಸ್ತಿ ಗೊತ್ತಿರುವುದು ಸಜ್ಜೆಯ ಅರ್ಗಟ್. ಹೂ ಬಿಟ್ಟ ತೆನೆಯಿಂದ ಮೊದಲು ಸಿಹಿ ಅಂಟು ಸೋರುತ್ತದೆ, ಆಮೇಲೆ ಕರಿ ಗಂಟು. ಇದು ಬೇರೆ ಜಾತಿ, ಕ್ಲಾವಿಸೆಪ್ಸ್ ಫ್ಯೂಸಿಫಾರ್ಮಿಸ್. ಇದರಿಂದಲೂ ಆ ಹೆರಿಗೆ ಔಷಧಿ ತೆಗೆಯಬಹುದಲ್ವಾ ಸರ್ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಎರಡನ್ನೂ ಒಂದೇ ಪ್ಲೇಟಿನಲ್ಲಿ ಅಕ್ಕಪಕ್ಕ ಹಾಕಿಸುತ್ತೇನೆ.

ವ್ಯಾನ್ ಅರ್ಕ್ ರೀಏಜೆಂಟ್ ಸಿಂಪಡಿಸಿದರೆ ಎರಡೂ ಕಡೆ ನೀಲಿ ಬರುತ್ತದೆ. ಈ ರೀಏಜೆಂಟ್ ಬಣ್ಣ ಕೊಡುವುದು ಅಣುವಿನಲ್ಲಿರುವ ಇಂಡೋಲ್ ಅನ್ನೋ ಉಂಗುರಕ್ಕೆ, ಅದು ಎರಡರಲ್ಲೂ ಇದೆಯಲ್ಲ! ನೀಲಿ ಬಂತು, ರೈ ಅರ್ಗಟ್ಟಿನ ಔಷಧಿ ಅರ್ಗೊಮೆಟ್ರಿನ್ ಇದೆ ಅಂತ ರೆಕಾರ್ಡಿನಲ್ಲಿ ಬರೆದರೆ ನಾನು ಸಹಿ ಹಾಕುವುದಿಲ್ಲ. ಸಿಂಪಡಿಸುವ ಮೊದಲು ಪ್ಲೇಟನ್ನು ಯುವಿ ದೀಪದಡಿ ಇಡಬೇಕು. ರೈ ಕಡೆಯ ಅರ್ಗೊಮೆಟ್ರಿನ್, ಅರ್ಗೊಟಮಿನ್ ಚುಕ್ಕೆಗಳು ನೀಲಿಯಾಗಿ ಹೊಳೆಯುತ್ತವೆ. ಸಜ್ಜೆಯದು ಮುಖ್ಯವಾಗಿ ಅಗ್ರೊಕ್ಲಾವಿನ್, ಎಲಿಮೊಕ್ಲಾವಿನ್ ಅನ್ನೋ ಬೇರೆ ಆಲ್ಕಲಾಯ್ಡ್‌ಗಳು. ಇವು ಹಾಗೆ ಹೊಳೆಯುವುದಿಲ್ಲ. ಅಣುವಿನಲ್ಲಿ ಒಂದು ಜೋಡಿ ಬಂಧ 9–10ನೇ ಇಂಗಾಲಗಳ ಬದಲು 8–9ರ ನಡುವೆ ಇದೆ, ಹೊಳಪಿನ ವ್ಯತ್ಯಾಸಕ್ಕೆ ಅದೇ ಕಾರಣ. ಹೊಳೆದ ಚುಕ್ಕೆಗೆ ಪೆನ್ಸಿಲ್ ಗುರುತು ಹಾಕಿ ಬೇಗ ದೀಪ ಆರಿಸಿ, ಆಮೇಲೆ ಸಿಂಪಡಿಸಿ.

ತಿಂದವರ ಮೇಲಿನ ಪರಿಣಾಮವೂ ಬೇರೆ. ಯೂರೋಪಿನಲ್ಲಿ ಹಿಂದೆ ಅರ್ಗಟ್ ಬೆರೆತ ರೈ ತಿಂದವರ ಕೈಕಾಲು ರಕ್ತವಿಲ್ಲದೆ ಕೊಳೆಯುತ್ತಿತ್ತು. ಸಜ್ಜೆಯದು ತಿಂದರೆ ವಾಂತಿ, ತಲೆಸುತ್ತು, ಮಂಪರು. ಹಾಗಂತ ಸುಮ್ನೆ ಬಿಡುವಂತಿಲ್ಲ. ಅನುಮಾನ ಬಂದ ಸಜ್ಜೆಯನ್ನು 20% ಉಪ್ಪು ನೀರಿಗೆ ಹಾಕಿ. ಕರಿ ಗಂಟು ಹಗುರ, ತೇಲುತ್ತದೆ. ಬಾಚಿ ತೆಗೆದು ಹೂತುಬಿಡಿ, ಉಳಿದ ಕಾಳನ್ನು ಒಳ್ಳೆ ನೀರಲ್ಲಿ ತೊಳೆದು ಒಣಗಿಸಿ.