ವೈರ್ ಮೌಸೋ, ವೈರ್‌ಲೆಸ್ಸೋ? ಮೊದಲು ನಿಮ್ಮ ಟೇಬಲ್ ನೋಡಿ, ಆಮೇಲೆ ಅಂಗಡಿಗೆ ಹೋಗಿ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಯಾವುದೇ ಕಂಪ್ಯೂಟರ್ ಅಂಗಡಿಗೆ ಹೋಗಿ ಮೌಸ್ ಬೇಕು ಅನ್ನಿ. ‘ವೈರಿಂದು ಕೊಡ್ಲೇನ್ರಿ, ವೈರ್‌ಲೆಸ್ ಕೊಡ್ಲೇನ್ರಿ?’ ಅಂತ ಮೊದಲ ಪ್ರಶ್ನೆ ಬರುತ್ತದೆ. ನೀವು ಸ್ವಲ್ಪ ಯೋಚನೆ ಮಾಡುತ್ತಾ ನಿಂತಿರೋ, ‘ಈಗೆಲ್ಲಾ ವೈರ್‌ಲೆಸ್ಸೇ ನಡೀಲತ್ತದ್ರಿ’ ಅಂತ ಉತ್ತರವನ್ನೂ ಅವರೇ ಕೊಟ್ಟು ಡಬ್ಬಿ ಕೈಗಿಡುತ್ತಾರೆ. ತಪ್ಪೇನಿಲ್ಲ, ಅವರದು ವ್ಯಾಪಾರ. ಆದರೆ ಆಮೇಲೆ ಸೆಲ್ ಬದಲಿಸುವವರು, ಡಾಂಗಲ್ (ವೈರ್‌ಲೆಸ್ ಮೌಸಿನ ಸಿಗ್ನಲ್ ಹಿಡಿಯಲು ಕಂಪ್ಯೂಟರಿಗೆ ಸಿಕ್ಕಿಸುವ ಚಿಕ್ಕ ತುಂಡು) ಹುಡುಕುವವರು, ತುಂಡಾದ ವೈರಿಗೆ ಟೇಪ್ ಸುತ್ತುವವರು ನೀವು ತಾನೇ?

ನನ್ನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಮೌಸ್ ಒಂದೇ ಟೇಬಲ್ ಮೇಲೆ ಇರುವುದಾದರೆ, ಅದಕ್ಕಿಂತ ಹೆಚ್ಚಾಗಿ ನಾಲ್ಕಾರು ಜನ ಅದನ್ನು ಮುಟ್ಟುವುದಾದರೆ, ವೈರ್ ಇರುವುದನ್ನೇ ತನ್ನಿ. ಬ್ಯಾಗಿನಲ್ಲಿ ಓಡಾಡುವ, ಒಬ್ಬರೇ ಬಳಸುವ ಮೌಸ್ ಆದರೆ ವೈರ್‌ಲೆಸ್ ತನ್ನಿ. ವೈರ್ ಅಂದರೆ ಹಳೇ ಕಾಲದ್ದು, ವೈರ್‌ಲೆಸ್ ಅಂದರೆ ಮುಂದುವರಿದದ್ದು ಅನ್ನುವುದನ್ನು ತಲೆಯಿಂದ ತೆಗೆದುಹಾಕಿ.

ಹಂತ 1: ಯಾರ ಕೈಗೆ ಹೋಗುತ್ತದೆ, ಎಲ್ಲಿ ಕೂರುತ್ತದೆ?

ಕೋರ್ಟು, ಕಚೇರಿಗಳ ಸುತ್ತ ಅಫಿಡವಿಟ್, ಅರ್ಜಿ ಟೈಪ್ ಮಾಡಿಕೊಡುವ ಅಂಗಡಿಗಳಿವೆಯಲ್ಲ, ಅಲ್ಲಿ ‘ನುಡಿ’ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪಿಂಗ್ ಬೆಳಿಗ್ಗೆಯಿಂದ ಸಂಜೆತನಕ ನಡೆದೇ ಇರುತ್ತದೆ. ಎದುರಿಗೆ ಗಿರಾಕಿ ನಿಂತಿದ್ದಾಗ ಸೆಲ್ ಖಾಲಿಯಾದರೆ ಕೆಲಸ ನಿಂತಿತು. ಅಲ್ಲಿಗೆ ವೈರೇ ಸರಿ. ಕಪನೂರ ಇಂಡಸ್ಟ್ರಿಯಲ್ ಏರಿಯಾದ ದಾಲ್ ಮಿಲ್ಲಿನ ಆಫೀಸಿಗೂ ಅದೇ. ಬೇಳೆ ಪುಡಿ, ಧೂಳು ಯಾವ ಮೌಸನ್ನೂ ಬಿಡುವುದಿಲ್ಲ. ಮೌಸ್ ಬೇಗ ಹಾಳಾಗುವ ಜಾಗ ಅಂತ ಗೊತ್ತಿದ್ದ ಮೇಲೆ ಕಡಿಮೆ ರೇಟಿನದ್ದು ಹಾಕಿ, ಹೋದಾಗ ಬದಲಿಸುವುದು ಜಾಣತನ.

ಕಂಪ್ಯೂಟರ್ ಲ್ಯಾಬ್, ಕೋಚಿಂಗ್ ಸೆಂಟರ್‌ಗಳಿಗೆ ಒಂದೇ ಮಾದರಿಯ ಹತ್ತು ವೈರ್‌ಲೆಸ್ ಮೌಸ್ ತಂದಿಟ್ಟರೆ ತಮಾಷೆ ನೋಡಬಹುದು. ಕಸ ಗುಡಿಸುವಾಗ ಎರಡು ಅದಲುಬದಲಾದರೆ ಸಾಕು, ಇಲ್ಲಿ ಮೌಸ್ ಆಡಿಸಿದರೆ ಪಕ್ಕದವರ ಸ್ಕ್ರೀನಿನಲ್ಲಿ ಬಾಣ ಓಡುತ್ತದೆ. ಪ್ರತಿ ಮೌಸಿಗೂ ಅದರದೇ ಡಾಂಗಲ್ ಜೋಡಿ ಇರುತ್ತದಲ್ಲ, ಅದಕ್ಕೇ. ಲ್ಯಾಬಿಗೆ ವೈರ್ ಮೌಸ್ ಹಾಕಿ, ವೈರನ್ನು ಪ್ಲಾಸ್ಟಿಕ್ ಟೈಯಿಂದ ಟೇಬಲ್ ಕಾಲಿಗೆ ಬಿಗಿದುಬಿಡಿ. ಯಾರ ಬ್ಯಾಗಿಗೂ ಹೋಗುವುದಿಲ್ಲ. ಇನ್ನೊಂದು ಮಾತು: ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರು ವೈರ್ ಮೌಸಿನಲ್ಲೇ ಅಭ್ಯಾಸ ಮಾಡಿಕೊಳ್ಳಿ. ಆನ್‌ಲೈನ್ ಪರೀಕ್ಷೆ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ.

ಇನ್ನು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುವ ಹುಡುಗರು, ಲ್ಯಾಪ್‌ಟಾಪ್ ತೊಡೆ ಮೇಲೆ ಇಟ್ಟುಕೊಂಡೇ ಕೆಲಸ ಮುಗಿಸುವವರು, ಪ್ರೊಜೆಕ್ಟರ್ ಹಾಕಿ ತರಗತಿ ತುಂಬಾ ಓಡಾಡುತ್ತಾ ಪಾಠ ಮಾಡುವ ಮೇಷ್ಟ್ರು, ಇವರಿಗೆಲ್ಲ ವೈರ್ ಬರೀ ತೊಡಕು. ಸುಮಾರು 10 ಮೀಟರ್ ದೂರದವರೆಗೆ ವೈರ್‌ಲೆಸ್ ಆರಾಮಾಗಿ ಕೆಲಸ ಮಾಡುತ್ತದೆ.

ಹಂತ 2: ಕಂಪ್ಯೂಟರ್ ಹಿಂದೆ ಬಗ್ಗಿ ನೋಡಿ

ಇದನ್ನು ಯಾರೂ ಮಾಡುವುದಿಲ್ಲ. ಎಷ್ಟು ಯುಎಸ್‌ಬಿ ತೂತು ಖಾಲಿ ಇವೆ ಎಣಿಸಿ. ವೈರ್ ಮೌಸಿಗೂ ಒಂದು ಬೇಕು, ಡಾಂಗಲ್ ಇರುವ ವೈರ್‌ಲೆಸ್‌ಗೂ ಒಂದು ಬೇಕು. ಹಾಗಾಗಿ ‘ವೈರ್‌ಲೆಸ್ ತಂದರೆ ಒಂದು ಯುಎಸ್‌ಬಿ ಉಳಿಯುತ್ತದೆ’ ಅನ್ನುವುದು ಡಾಂಗಲ್ಲೇ ಬೇಡದ ಬ್ಲೂಟೂತ್ ಮೌಸಿಗೆ ಮಾತ್ರ ನಿಜ. ಬ್ಲೂಟೂತ್ ಮೌಸ್ ಬೇಕೆಂದರೆ ಕಂಪ್ಯೂಟರಿನಲ್ಲಿ ಬ್ಲೂಟೂತ್ ಇರಬೇಕು. ಲ್ಯಾಪ್‌ಟಾಪಿನಲ್ಲಿ ಹೆಚ್ಚಾಗಿ ಇರುತ್ತದೆ, ಹಳೆಯ ಡೆಸ್ಕ್‌ಟಾಪಿನಲ್ಲಿ ಹೆಚ್ಚಾಗಿ ಇರುವುದಿಲ್ಲ. ಟೈಪ್-ಸಿ ತೂತು ಮಾತ್ರ ಇರುವ ತೆಳ್ಳನೆಯ ಹೊಸ ಲ್ಯಾಪ್‌ಟಾಪ್ ಇದ್ದವರು ಕಣ್ಣು ಮುಚ್ಚಿ ಬ್ಲೂಟೂತ್ ತಗೊಳ್ಳಬಹುದು.

ಬ್ಲೂಟೂತಿಗೆ ಒಂದು ಕೊರತೆ ಇದೆ. ಹೊಸದಾಗಿ ವಿಂಡೋಸ್ ಹಾಕುವಾಗ, ಬಯೋಸ್ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆ) ತೆರೆದಾಗ ಅದು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಡಾಂಗಲ್ ಮೌಸನ್ನು ಕಂಪ್ಯೂಟರ್ ಮಾಮೂಲಿ ಯುಎಸ್‌ಬಿ ಮೌಸ್ ಅಂತಲೇ ನೋಡುವುದರಿಂದ ಅದಕ್ಕೆ ಈ ತಕರಾರಿಲ್ಲ.

ಹಂತ 3: ಸೆಲ್ಲಿನ ವಿಚಾರ

ಡಬ್ಬಿ ಮೇಲೆ 12 ತಿಂಗಳು, 18 ತಿಂಗಳು ಬ್ಯಾಟರಿ ಬಾಳಿಕೆ ಅಂತ ದೊಡ್ಡದಾಗಿ ಬರೆದಿರುತ್ತದೆ. ಕೆಳಗೆ ಚಿಕ್ಕದಾಗಿ ‘ಬಳಕೆಗೆ ತಕ್ಕಂತೆ’ ಅಂತಲೂ ಇರುತ್ತದೆ. ಎಂಟು ತಾಸು ಕೈ ಬಿಡದೆ ಬಳಸುವವರು ಡಬ್ಬಿಯ ಲೆಕ್ಕ ನಂಬಿ ಕೂರಬೇಡಿ.

ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಹಾಕುವ ಬದಲು ಆಲ್ಕಲೈನ್ ಸೆಲ್ ಹಾಕಿದರೆ ಜಾಸ್ತಿ ದಿನ ಬರುತ್ತದೆ. ರೀಚಾರ್ಜ್ ಆಗುವ ಸೆಲ್ ಕೂಡ ನಡೆಯುತ್ತದೆ. ಅದರದು 1.2 ವೋಲ್ಟ್, ಮಾಮೂಲಿ ಸೆಲ್ಲಿನದು 1.5. ಆದರೂ ಹೆಚ್ಚಿನ ಮೌಸ್‌ಗಳು ತಕರಾರು ಮಾಡುವುದಿಲ್ಲ. ಬೇಸಿಗೆ ರಜೆಗೆ ಲ್ಯಾಪ್‌ಟಾಪ್ ಮುಚ್ಚಿಟ್ಟು ಊರಿಗೆ ಹೋಗುವವರು ಸೆಲ್ ತೆಗೆದಿಟ್ಟು ಹೋಗಿ. ಹಳೇ ಸೆಲ್ ಒಳಗೇ ಸೋರಿದರೆ ಸ್ಪ್ರಿಂಗಿಗೆ ಬಿಳಿ ಪುಡಿ ಹಿಡಿದು ಮೌಸೇ ಹೋಗುತ್ತದೆ.

ಒಳಗೇ ಬ್ಯಾಟರಿ ಇದ್ದು ಚಾರ್ಜ್ ಮಾಡಿಕೊಳ್ಳುವ ಮೌಸ್‌ಗಳೂ ಬಂದಿವೆ. ನೋಡಲು ಚೆಂದ. ಆದರೆ ನಮ್ಮ ಬಿಸಿಲು ಗೊತ್ತಲ್ಲ, ಏಪ್ರಿಲ್-ಮೇನಲ್ಲಿ 42 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ, ಮುಚ್ಚಿದ ಕಾರಿನೊಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿವರೆಗಷ್ಟೇ ಚಾರ್ಜ್ ಮಾಡಬೇಕು. ಶಾಖ ಹೆಚ್ಚಾದಷ್ಟೂ ಅದರ ಆಯಸ್ಸು ಕಡಿಮೆ. ಇಂಥ ಮೌಸನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಸ್ಕೂಟರ್ ಸೀಟಿನ ಕೆಳಗೆ ಇಟ್ಟು ಮಧ್ಯಾಹ್ನವೆಲ್ಲ ಮರೆಯಬೇಡಿ. ಬ್ಯಾಟರಿ ಹೋದರೆ ಬದಲಿಸುವುದು ಕಷ್ಟ, ಹೆಚ್ಚಿನವು ಬಿಚ್ಚುವ ಹಾಗೆ ಇರುವುದೇ ಇಲ್ಲ. ಹಾಗಾಗಿ ನಮ್ಮ ಕಡೆಗೆ ಕಿರಾಣಿ ಅಂಗಡಿಯಲ್ಲೂ ಸಿಗುವ ಸೆಲ್ ಹಾಕುವ ಮೌಸೇ ಒಳ್ಳೆಯದು ಅಂತ ನನಗನಿಸುತ್ತದೆ.

ಹಂತ 4: ಡಾಂಗಲ್ಲಿನ ಕಥೆ

ವೈರ್‌ಲೆಸ್ ಮೌಸಿನ ಅರ್ಧ ತಲೆನೋವು ಈ ಉಗುರಿನಷ್ಟು ಚಿಕ್ಕ ತುಂಡಿನದು. ಕಳೆದುಹೋದರೆ ಬೇರೆ ಕಂಪನಿಯ ಡಾಂಗಲ್ ಹಾಕಿ ನಡೆಸುತ್ತೇನೆ ಅಂದರೆ ಆಗುವುದಿಲ್ಲ. ಅಗ್ಗದ ಮೌಸ್‌ಗಳಲ್ಲಿ ಡಾಂಗಲ್ ಹೋಯಿತು ಅಂದರೆ ಮೌಸೂ ಹೋಯಿತು. ಲಾಜಿಟೆಕ್‌ನ ಕೆಲವು ಮೌಸ್‌ಗಳಲ್ಲಿ ಯೂನಿಫೈಯಿಂಗ್ ಅನ್ನುವ ಡಾಂಗಲ್ ಇರುತ್ತದೆ. ಅದನ್ನು ಬೇರೆಯಾಗಿ ಕೊಂಡು ಜೋಡಿಸಬಹುದು, ಒಂದಕ್ಕೇ 6 ಮೌಸ್-ಕೀಬೋರ್ಡ್ ಸೇರಿಸಲೂಬಹುದು. ಎಲ್ಲ ಮಾದರಿಯಲ್ಲೂ ಇದಿಲ್ಲ. ಮೌಸಿನ ತಳದಲ್ಲಿ ಕಿತ್ತಳೆ ಬಣ್ಣದ ಸಣ್ಣ ಗುರುತು ಇದೆಯಾ ನೋಡಿ.

ಹೆಚ್ಚಿನ ಮೌಸ್‌ಗಳಲ್ಲಿ ಸೆಲ್ ಹಾಕುವ ಮುಚ್ಚಳದೊಳಗೆ ಡಾಂಗಲ್ ಇಡಲು ಒಂದು ಸಂದಿ ಇರುತ್ತದೆ. ಬ್ಯಾಗಿಗೆ ಹಾಕುವಾಗ ಅಲ್ಲೇ ಇಡುವ ಅಭ್ಯಾಸ ಮಾಡಿಕೊಳ್ಳಿ. ಲ್ಯಾಪ್‌ಟಾಪಿಗೇ ಸಿಕ್ಕಿಸಿಟ್ಟು ಬಸ್ಸಿನ ನೂಕಾಟದಲ್ಲಿ ಹೋದರೆ ಯುಎಸ್‌ಬಿ ತೂತೇ ಸಡಿಲಾಗಬಹುದು.

ಬಾಣ ತಡವರಿಸುತ್ತದೆ, ನಿಂತು ನಿಂತು ಹೋಗುತ್ತದೆ ಅಂತ ಬಹಳ ಜನ ಮೌಸನ್ನೇ ಬೈಯುತ್ತಾರೆ. ಎಷ್ಟೋ ಸಲ ತಪ್ಪು ಇರುವುದು ಡಾಂಗಲ್ ಇಟ್ಟ ಜಾಗದಲ್ಲಿ. ಸಿಪಿಯು ಟೇಬಲ್ ಕೆಳಗಿದೆ, ಡಾಂಗಲ್ ಅದರ ಬೆನ್ನಿಗಿದೆ, ನಡುವೆ ಸ್ಟೀಲಿನ ಡಬ್ಬಿ ಅಡ್ಡ ಇದೆ ಅಂದರೆ ಸಿಗ್ನಲ್ ಹೇಗೆ ಬರಬೇಕು? ಮುಂದಿನ ಯುಎಸ್‌ಬಿಗೆ ಹಾಕಿ. ಇನ್ನೊಂದು, ಇದು ಹೆಚ್ಚಿನವರಿಗೆ ಗೊತ್ತಿಲ್ಲ: ಒಳಗೆ ನೀಲಿ ಬಣ್ಣ ಇರುವ ಯುಎಸ್‌ಬಿ 3.0 ತೂತಿನಲ್ಲಿ ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ರೇಡಿಯೊ ತರಂಗದ ಸುತ್ತಮುತ್ತ ಗದ್ದಲ ಎಬ್ಬಿಸುತ್ತದೆ. ಮೌಸಿನ ಡಾಂಗಲ್ ಮಾತಾಡುವುದೂ ಅದೇ 2.4 ಗಿಗಾಹರ್ಟ್ಸ್‌ನಲ್ಲಿ. ಎರಡೂ ಅಕ್ಕಪಕ್ಕ ಇದ್ದರೆ ಮೌಸ್ ತಡವರಿಸುತ್ತದೆ. ಡಾಂಗಲ್ಲನ್ನು ಕಪ್ಪು ತೂತಿಗೆ ಬದಲಿಸಿ, ಇಲ್ಲವೇ ಗೇಣುದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ತಂದು ಡಾಂಗಲ್ ಟೇಬಲ್ ಮೇಲೆ ಬರುವ ಹಾಗೆ ಮಾಡಿ. ವೈರ್‌ಲೆಸ್‌ಗೆ ವೈರಾ ಅಂತ ನಗಬೇಡಿ, ಕೆಲಸ ಆಗುತ್ತದೆ.

ಹಣಕಾಸು, ದಾಖಲೆ ಕೆಲಸದ ಕಂಪ್ಯೂಟರ್‌ಗಳಿಗೆ ಇನ್ನೊಂದು ಕಾರಣಕ್ಕೂ ವೈರ್ ಮೌಸ್ ವಾಸಿ. 2016ರಲ್ಲಿ ಮೌಸ್‌ಜ್ಯಾಕ್ ಅನ್ನುವ ದೋಷ ಬಯಲಾಯಿತು. ಹಲವು ಕಂಪನಿಗಳ ಡಾಂಗಲ್‌ಗಳಿಗೆ 100 ಮೀಟರ್ ದೂರದಿಂದಲೂ ನೀವೇ ಕೀಬೋರ್ಡ್ ಒತ್ತಿದ ಹಾಗೆ ಸುಳ್ಳು ಕೀ ಒತ್ತುಗಳನ್ನು ಕಳಿಸಬಹುದಿತ್ತು. ಕಂಪನಿಗಳು ಆಮೇಲೆ ತಿದ್ದುಪಡಿ ಕೊಟ್ಟವು, ಆದರೆ ಹಳೇ ಡಾಂಗಲ್‌ಗಳನ್ನು ಯಾರು ಅಪ್‌ಡೇಟ್ ಮಾಡುತ್ತಾರೆ? ಮನೆ ಬಳಕೆಗೆ ಇಷ್ಟು ಹೆದರಬೇಕಿಲ್ಲ.

ಹಂತ 5: ವೈರಿನ ಕಾಟಕ್ಕೆ ಅಗ್ಗದ ಪರಿಹಾರ

ಈ ಕಾಟ ಮೌಸ್ ಹುಟ್ಟಿದಾಗಿನಿಂದ ಇದೆ. 1964ರಲ್ಲಿ ಅಮೆರಿಕದಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಮತ್ತು ಬಿಲ್ ಇಂಗ್ಲಿಷ್ ಮಾಡಿದ ಮೊದಲ ಮರದ ಮೌಸಿಗೆ ವೈರ್ ಇದ್ದದ್ದು ಹಿಂದೆ, ಮಣಿಕಟ್ಟಿನ ಕಡೆ. ಕೈಗೆ ಅಡ್ಡ ಬರುತ್ತದೆ ಅಂತ ಆಮೇಲೆ ಮುಂದಕ್ಕೆ ತಂದರು. ನೀವು ಮಾಡಬೇಕಾದ್ದು ಇಷ್ಟೇ: ಮೌಸಿನಿಂದ ಒಂದು ಮೊಳ ವೈರ್ ಸಡಿಲ ಬಿಟ್ಟು, ಉಳಿದದ್ದನ್ನು ಟೇಬಲ್ ಅಂಚಿಗೆ ಟೇಪಿನಿಂದಲೋ ಪೇಪರ್ ಕ್ಲಿಪ್ಪಿನಿಂದಲೋ ಹಿಡಿಸಿ. ಜಗ್ಗಾಟ ನಿಲ್ಲುತ್ತದೆ. ವೈರ್ ಸಾಮಾನ್ಯವಾಗಿ ತುಂಡಾಗುವುದು ಮೌಸಿನಿಂದ ಹೊರಬರುವ ಕುತ್ತಿಗೆಯ ಹತ್ತಿರ, ಹಾಗಾಗಿ ಮೌಸಿಗೇ ಬಿಗಿಯಾಗಿ ಸುತ್ತಿಡಬೇಡಿ.

ವೈರ್‌ಲೆಸ್ ನಿಧಾನ ಅನ್ನುವ ಮಾತನ್ನೂ ಇಲ್ಲೇ ಮುಗಿಸೋಣ. ಮಾಮೂಲಿ ಯುಎಸ್‌ಬಿ ಮೌಸ್ ಸೆಕೆಂಡಿಗೆ 125 ಸಲ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ ಕಂಪ್ಯೂಟರಿಗೆ ವರದಿ ಕೊಡುತ್ತದೆ. ಒಳ್ಳೆಯ ವೈರ್‌ಲೆಸ್ ಕೂಡ ಅಷ್ಟೇ. ಟೈಪಿಂಗ್, ಎಕ್ಸೆಲ್, ಫೋಟೊಶಾಪ್ ಕೆಲಸದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೇಮ್ ಆಡುವ ಹುಡುಗರಿಗೆ ಸೆಕೆಂಡಿಗೆ 1000 ಸಲ ಕೊಡುವುದು ಬೇಕು. ಅದು ವೈರ್‌ನಲ್ಲಿ ಕಡಿಮೆ ರೇಟಿಗೆ ಸಿಗುತ್ತದೆ, ವೈರ್‌ಲೆಸ್‌ನಲ್ಲಿ ಜೇಬಿಗೆ ಭಾರ.

ಹಂತ 6: ಅಂಗಡಿಯಲ್ಲಿ ನಾಚಿಕೆ ಬೇಡ

ಡಬ್ಬಿ ಬಿಚ್ಚಿಸಿ, ಅಲ್ಲೇ ಹಚ್ಚಿ ನೋಡಿ. ‘ಕಾಕಾ, ಒಂದು ಸಲ ಹಚ್ಚಿ ತೋರಸ್ರಿ’ ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಎಡ-ಬಲ ಎರಡೂ ಬಟನ್ ಹತ್ತಿಪ್ಪತ್ತು ಸಲ ಒತ್ತಿ, ಚಕ್ರ ಮೇಲೆ ಕೆಳಗೆ ತಿರುಗಿಸಿ, ಚಕ್ರವನ್ನೂ ಒತ್ತಿ ನೋಡಿ. ಅಂಗೈ ಮೌಸ್ ಮೇಲೆ ಪೂರ್ತಿ ಕೂರಬೇಕು. ಲ್ಯಾಪ್‌ಟಾಪಿಗೆ ಅಂತ ಮಾಡಿದ ಪುಟ್ಟ ಮೌಸನ್ನು ದೊಡ್ಡ ಕೈಯವರು ದಿನವಿಡೀ ಹಿಡಿದರೆ ಬೆರಳು ನೋಯುತ್ತವೆ. ಎಡಗೈಯವರು ಎರಡೂ ಬದಿ ಒಂದೇ ಆಕಾರ ಇರುವುದನ್ನು ನೋಡಿ ತಗೊಳ್ಳಿ. ಡಿಪಿಐ (ಮೌಸ್ ಒಂದು ಇಂಚು ಸರಿದರೆ ಬಾಣ ಎಷ್ಟು ಚುಕ್ಕೆ ಸರಿಯುತ್ತದೆ ಅನ್ನುವ ಲೆಕ್ಕ) 1000ದಿಂದ 1600 ಇದ್ದರೆ ಧಾರಾಳವಾಯಿತು, ಡಬ್ಬಿ ಮೇಲಿನ ದೊಡ್ಡ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ.

ರೇಟು? ಹೆಸರಿರುವ ಕಂಪನಿಯ ಸಾದಾ ವೈರ್ ಮೌಸ್ ಮುನ್ನೂರರ ಆಸುಪಾಸು, ವೈರ್‌ಲೆಸ್ ಐನೂರರಿಂದ ಏಳುನೂರು. ಫುಟ್‌ಪಾತ್ ಮೇಲೆ ನೂರೈವತ್ತಕ್ಕೆ ಅದೇ ಹೆಸರಿನದ್ದು ಸಿಕ್ಕರೆ ಅದು ಯಾವುದು ಅಂತ ನಾನು ಬಿಡಿಸಿ ಹೇಳಬೇಕಾ? ಡಬ್ಬಿ ಮೇಲೆ ತಯಾರಕರ ಇಲ್ಲವೇ ಆಮದುದಾರರ ಹೆಸರು-ವಿಳಾಸ, ಎಂಆರ್‌ಪಿ, ತಿಂಗಳು-ವರ್ಷ ಇರಲೇಬೇಕು. ಬಿಲ್ ಕೇಳಿ. ಕಂಪನಿ ಮೌಸಿಗೆ ಒಂದರಿಂದ ಮೂರು ವರ್ಷ ವಾರಂಟಿ ಇರುತ್ತದೆ. ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಹಾಗಾಗುವುದು ಮೌಸ್‌ಗಳಿಗೆ ಬರುವ ಮಾಮೂಲಿ ರೋಗ. ಅದು ಬಟನ್ ಕೆಳಗಿನ ಸಣ್ಣ ಸ್ವಿಚ್ಚಿನದು. ವೈರ್ ಇದ್ದರೂ ಬರುತ್ತದೆ, ಇಲ್ಲದಿದ್ದರೂ ಬರುತ್ತದೆ. ಬಿಲ್ ಇದ್ದರೆ ಬದಲಿಸಿಕೊಳ್ಳಬಹುದು.

ಹಂತ 7: ತಂದ ಮೇಲೆ

ಆಫೀಸ್ ಟೇಬಲ್ ಮೇಲೆ ಗಾಜು, ಗಾಜಿನ ಕೆಳಗೆ ದೇವರ ಫೋಟೊ, ವಿಸಿಟಿಂಗ್ ಕಾರ್ಡು, ಹೋದ ವರ್ಷದ ಕ್ಯಾಲೆಂಡರು. ನಮ್ಮಲ್ಲಿ ಇದು ಸಾಮಾನ್ಯ. ಮಾಮೂಲಿ ಆಪ್ಟಿಕಲ್ ಮೌಸ್ ಗಾಜಿನ ಮೇಲೆ ಸರಿಯಾಗಿ ಓಡುವುದಿಲ್ಲ, ವೈರ್‌ಲೆಸ್ ತಂದರೂ ಓಡುವುದಿಲ್ಲ. ಒಂದು ಪ್ಯಾಡ್ ಹಾಕಿ, ಇಲ್ಲವೇ ನೋಟ್‌ಬುಕ್ಕಿನ ರಟ್ಟು ಇಡಿ. ಶಹಾಬಾದ್ ಕಲ್ಲಿನ ಕಟ್ಟೆ ಮೇಲೆ ಹೆಚ್ಚಿನ ಮಟ್ಟಿಗೆ ಓಡುತ್ತದೆ, ಆದರೆ ಕಲ್ಲು ಒರಟಿದ್ದರೆ ತಳದ ಪ್ಲಾಸ್ಟಿಕ್ ಬೇಗ ಸವೆಯುತ್ತದೆ.

ಮೌಸ್ ತಡವರಿಸಿದರೆ ಎಸೆಯುವ ಮೊದಲು ಹೀಗೆ ನೋಡುತ್ತಾ ಹೋಗಿ: ತಳದ ಬೆಳಕಿನ ಕಿಂಡಿಯಲ್ಲಿ ಕೂದಲು, ಧೂಳು ಇದ್ದರೆ ಒಣ ಹತ್ತಿಯಿಂದ ತೆಗೆಯಿರಿ, ಸೆಲ್ ಬದಲಿಸಿ, ಡಾಂಗಲ್ ಬೇರೆ ತೂತಿಗೆ ಹಾಕಿ, ಬೇರೆ ಕಂಪ್ಯೂಟರಿಗೆ ಹಚ್ಚಿ ನೋಡಿ.

ವೈರ್‌ಲೆಸ್ ತಂದವರು ಮನೆಯಲ್ಲಿದ್ದ ಹಳೇ ವೈರ್ ಮೌಸನ್ನು ಗುಜರಿಗೆ ಹಾಕಬೇಡಿ. ಅರ್ಜಿ ಹಾಕಲು ಕೊನೇ ದಿನ, ರಾತ್ರಿ ಹನ್ನೊಂದು, ಸೆಲ್ ಖಾಲಿ, ಅಂಗಡಿಗಳೆಲ್ಲ ಬಾಗಿಲು ಹಾಕಿವೆ. ಆಗ ಡ್ರಾಯರಿನಲ್ಲಿ ಅದೊಂದು ಇದ್ದರೆ ಸಾಕು, ಸಿಕ್ಕಿಸಿ ಕೆಲಸ ಮುಗಿಸಬಹುದು.