ಮುದ್ದೆ ಬಿಟ್ಟು ಪುಡಿ ಹಿಡಿದ ಎರಡು ಸೀಸನ್

ನಾನು ಕಬಡ್ಡಿಯಲ್ಲಿ ಬಲ ಕಾರ್ನರ್ ಆಡುವವನು, ಅಂದರೆ ಬಲತುದಿಯಲ್ಲಿ ನಿಂತು ರೈಡರ್‌ ಕಾಲು ಹಿಡಿಯುವವನು. ಊರು ಮಂಡ್ಯ ಕಡೆ. ನೌಕರಿ, ಸಂಬಳ ಎಲ್ಲ ಕಬಡ್ಡಿಯಿಂದಲೇ. ಹಾಸ್ಟೆಲ್ ಸೇರಿದ ಹೊಸತರಲ್ಲಿ ಸೀನಿಯರ್ ಒಬ್ಬರು ಹೇಳಿದ್ದರು: "ಅನ್ನ, ಮುದ್ದೆ ತಿಂದ್ರೆ ಹೊಟ್ಟೆ ಬರುತ್ತೆ ಕಣೋ. ಪ್ರೋಟೀನ್ ತಿನ್ನು." ಊಟದ ಬಗ್ಗೆ ಎಷ್ಟೋ ವರ್ಷ ನನಗೆ ಗೊತ್ತಿದ್ದದ್ದು ಅಷ್ಟೇ. ಟೀಮಿನಲ್ಲಿ ಉಳಿದವರಿಗೂ ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ.

ಎರಡು ಸೀಸನ್ ಹಾಗೇ ನಡೆಯಿತು. ಬೆಳಿಗ್ಗೆ ಹತ್ತು ಮೊಟ್ಟೆಯ ಬಿಳಿ, ಎರಡು ಹೊತ್ತು ಕೋಳಿ, ದಿನಕ್ಕೆ ಮೂರು ಸಲ ವೇ ಪೌಡರ್, ಅಂದರೆ ಹಾಲಿನಿಂದ ಮಾಡಿದ ಪ್ರೋಟೀನ್ ಪುಡಿ. ಊರಿಗೆ ಹೋದಾಗ ಅಮ್ಮ ಮುದ್ದೆ, ಉಪ್ಸಾರು ಬಡಿಸಿದರೆ ಸಾರಷ್ಟೇ ಕುಡಿದು ಎದ್ದುಬಿಡುತ್ತಿದ್ದೆ. "ಅದೇನ್ಲಾ ಮಗ, ಬಾಣಂತಿ ಥರ ಪಥ್ಯ ಮಾಡ್ತೀಯ!" ಅಂತ ರೇಗೋಳು. ಇಷ್ಟಾದರೂ ಸಂಜೆ ಪ್ರಾಕ್ಟೀಸಿಗೆ ಕಾಲು ಏಳುತ್ತಿರಲಿಲ್ಲ. ಪ್ರೋಟೀನ್ ಸಾಲದೇನೋ ಅಂತ ಇನ್ನೊಂದು ಸ್ಕೂಪ್ ಹಾಕಿಕೊಳ್ಳುತ್ತಿದ್ದೆ!

ಸೀನಿಯರ್ ಪುರುಷರ ಕಬಡ್ಡಿಯಲ್ಲಿ ತೂಕ 85 ಕೆಜಿ ದಾಟುವಂತಿಲ್ಲ. ಒಂದು ಟೂರ್ನಿಗೆ ನಾಲ್ಕು ದಿನ ಇರುವಾಗ ನನ್ನದು 87 ಇತ್ತು. ಅನ್ನ, ಚಪಾತಿ ಪೂರ್ತಿ ನಿಲ್ಲಿಸಿದೆ. ಕೊನೆಯ ದಿನ ನೀರನ್ನೂ ಬಿಟ್ಟು, ಸ್ವೆಟರ್ ಮೇಲೆ ರೇನ್‌ಕೋಟ್ ಹಾಕಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಓಡಿದೆ. ಬಾಯಲ್ಲಿ ಚ್ಯೂಯಿಂಗ್ ಗಮ್ ಇಟ್ಟುಕೊಂಡು ಉಗುಳಿ ಉಗುಳಿ ಗಂಟಲು ಒಣಗಿತ್ತು. 84.9 ಬಂತು. ಗೆದ್ದೆ ಅಂದುಕೊಂಡು ಹೊರಗೆ ಬಂದವನೇ ಎರಡು ಪ್ಲೇಟ್ ಬಿರಿಯಾನಿ ಹೊಡೆದೆ. ಮ್ಯಾಚಿಗೆ ಉಳಿದಿದ್ದದ್ದು ಮೂರು ಗಂಟೆ.

ಸೆಕೆಂಡ್ ಹಾಫ್‌ನಲ್ಲಿ ರೈಡರ್ ಬೋನಸ್ ಪಾಯಿಂಟ್‌ಗೆ ಅಂತ ನಮ್ಮ ಅಂಕಣದ ಬೋನಸ್ ಗೆರೆಯಾಚೆ ಕಾಲು ಚಾಚಿದ. ಆಂಕಲ್ ಹಿಡಿಯಲು ಬಗ್ಗಿದೆ, ಬೆರಳು ಶೂಗೆ ತಗುಲಿತು ಕೂಡ. ಅಷ್ಟರಲ್ಲಿ ಮೀನಖಂಡ ಕಲ್ಲಿನ ಹಾಗೆ ಗಂಟು ಕಟ್ಟಿಕೊಂಡಿತು. ಮ್ಯಾಟ್ ಮೇಲೆ ಬಿದ್ದು ಒದ್ದಾಡುತ್ತಿದ್ದರೆ ಅವನು ನನ್ನ ಮೇಲೆಯೇ ಹಾರಿಕೊಂಡು ಗೆರೆ ಮುಟ್ಟಿದ.

ಆಮೇಲೆ ಆಹಾರತಜ್ಞೆಯೊಬ್ಬರ ಹತ್ತಿರ ಹೋದೆ. ಮೂರು ದಿನ ತಿಂದದ್ದನ್ನೆಲ್ಲ ಬರೆದುಕೊಂಡು ಬಾ ಅಂದರು. ಸುಳ್ಳು ಬರೆಯಬಾರದು ಅಂತಲೂ ಸೇರಿಸಿದರು. ಲೆಕ್ಕ ಹಾಕಿದರೆ ಪ್ರೋಟೀನ್ ದಿನಕ್ಕೆ 200 ಗ್ರಾಂ ದಾಟಿತ್ತು. ನನ್ನ ತೂಕಕ್ಕೆ 135–150 ಧಾರಾಳ. ಕಾರ್ಬೊಹೈಡ್ರೇಟ್ ಮಾತ್ರ 150 ಗ್ರಾಂ ಕೂಡ ಇರಲಿಲ್ಲ. ಎರಡು ಹೊತ್ತು ಪ್ರಾಕ್ಟೀಸ್ ಮಾಡುವವನಿಗೆ ಕೆಜಿಗೆ 5 ಗ್ರಾಂ ಲೆಕ್ಕದಲ್ಲಿ 400ರ ಮೇಲೆ ಬೇಕು. ರೈಡರ್‌ನನ್ನು ಎಳೆಯುವ, ಮತ್ತೆ ಮತ್ತೆ ನುಗ್ಗುವ ಕೆಲಸಕ್ಕೆ ಸ್ನಾಯು ಸುಡುವುದು ಅದನ್ನೇ. "ಊರಲ್ಲಿ ಏನು ತಿಂತಿದ್ರಿ?" ಅಂತ ಕೇಳಿದರು. ಹೇಳಿದೆ. ನಕ್ಕರು. ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ 70 ಗ್ರಾಂ ಆಸುಪಾಸು ಕಾರ್ಬೊಹೈಡ್ರೇಟ್, 300 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ. ನಾನು ಬಿಟ್ಟಿದ್ದದ್ದು ಅದನ್ನು!

ಈಗ ಮುದ್ದೆ ಮರಳಿ ಬಂದಿದೆ, ಆದರೆ ಮ್ಯಾಚ್ ದಿನ ಅಲ್ಲ. ನಾರು ಜಾಸ್ತಿ, ಹೊಟ್ಟೆಯಲ್ಲಿ ಕೂತುಬಿಡುತ್ತೆ. ಹಿಂದಿನ ಮಧ್ಯಾಹ್ನ ಮುದ್ದೆ, ಬಸ್ಸಾರು. ಮ್ಯಾಚಿಗೆ ಮೂರು ಗಂಟೆ ಮುಂಚೆ ಇಡ್ಲಿ ಅಥವಾ ಅನ್ನ, ತಿಳಿಸಾರು. ಒಂದು ಗಂಟೆ ಮುಂಚೆ ಬಾಳೆಹಣ್ಣು. ಪ್ರಾಕ್ಟೀಸಿಗೆ ಮುಂಚೆ, ಆಮೇಲೆ ತೂಕ ನೋಡುತ್ತೇನೆ. ಕಳೆದುಕೊಂಡ ಪ್ರತಿ ಕೆಜಿಗೆ ಒಂದೂವರೆ ಲೀಟರಿನ ಹಾಗೆ ನೀರು, ಉಪ್ಪು ಹಾಕಿದ ನಿಂಬೆ ಪಾನಕ, ಮಜ್ಜಿಗೆ, ನಿಧಾನಕ್ಕೆ. ತೂಕ ಇಳಿಸಬೇಕಾದರೆ ಆರು ವಾರ ಮುಂಚೆಯೇ ಶುರು, ವಾರಕ್ಕೆ ಅರ್ಧ ಕೆಜಿ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ತೂಕ ನೂರು ಗ್ರಾಂ ಜಾಸ್ತಿಯಾಗಿ ಫೈನಲ್ ಕಳೆದುಕೊಂಡ ದಿನ ನಮ್ಮ ಮೆಸ್ಸಿನಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಟಿವಿಯಲ್ಲಿ ಮಾತಾಡುವವರಿಗೆ ಅದು ಬರೀ ನೂರು ಗ್ರಾಂ. ನಾವು ರೇನ್‌ಕೋಟ್ ಹಾಕಿ ಓಡಿದವರು.

ಅಷ್ಟೆಲ್ಲ ಗೊತ್ತಿದ್ದರೂ ತಪ್ಪು ನಡೆಯುತ್ತಲೇ ಇದೆ, ಸುಳ್ಳೇಕೆ? ರೈಲಿನಲ್ಲಿ ಎರಡು ದಿನ ಹೋಗುವಾಗ ಸಿಕ್ಕಿದ್ದೇ ತಿನ್ನಬೇಕು. ಗೋಬಿ ಮಂಚೂರಿ ವಾಸನೆ ಬಂದರೆ ಇವತ್ತಿಗೂ ನಿಲ್ಲುತ್ತೇನೆ. ಪುಡಿ ಮಾತ್ರ ಬಹುಮಟ್ಟಿಗೆ ಬಿಟ್ಟೆ. ಡಬ್ಬಿಯಲ್ಲಿ ನಿಷೇಧಿತ ಪದಾರ್ಥ ಬೆರೆತಿದ್ದು ಡೋಪ್ ಟೆಸ್ಟಿನಲ್ಲಿ ಸಿಕ್ಕಿದರೆ, ಗೊತ್ತಿರಲಿಲ್ಲ ಅಂದರೂ ಹೊಣೆ ಆಟಗಾರನದೇ.

ಅದರ ಬದಲು ಅಮ್ಮ ಮಾಡಿಕೊಡುವ ರಾಗಿ ಹುರಿಹಿಟ್ಟಿನ ಡಬ್ಬಿ ಕಿಟ್ ಬ್ಯಾಗಿನಲ್ಲಿರುತ್ತೆ. ಹಾಲು, ಬೆಲ್ಲ ಹಾಕಿ ಕಲಸಿಕೊಂಡರೆ ಆಯ್ತು. ಹೋದ ಸಲ ಹರಿಯಾಣದ ಹುಡುಗನೊಬ್ಬ ಇಣುಕಿ ನೋಡಿ, ಯಾವ ಕಂಪನಿಯದು ಅಂತ ಕೇಳಿದ.