ಕತ್ತರಿಗೆ ಜಗ್ಗದ ಸಿಂಥ್ ಟ್ರ್ಯಾಕ್: ನನ್ನ ಅನುಭವ

ಜಾಹೀರಾತು, ಸಾಕ್ಷ್ಯಚಿತ್ರ, ಪಾಡ್‌ಕಾಸ್ಟ್‌ಗಳಿಗೆಂದು ಮೊದಲೇ ಮಾಡಿಟ್ಟು, ಬೇಕಾದವರಿಗೆ ಲೈಸೆನ್ಸ್ ಕೊಡುವ ಸಂಗೀತಕ್ಕೆ ಪ್ರೊಡಕ್ಷನ್ ಮ್ಯೂಸಿಕ್ ಅನ್ನುತ್ತಾರೆ. ಅದರಲ್ಲಿ ನಾನು ಜಾಸ್ತಿ ಮಾಡುವುದು 1980ರ ದಶಕದ ಸಿಂಥ್ (ಸಿಂಥಸೈಜರ್, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಸದ್ದಿನ ಟ್ರ್ಯಾಕ್‌ಗಳು. ಆ ಸದ್ದು ಹಿಡಿಯುವುದು ಈಗ ಕಷ್ಟವೇನಲ್ಲ. ಹೆಸರಾದ ಹಳೇ ಸಿಂಥ್‌ಗಳು ಪ್ಲಗಿನ್ ರೂಪದಲ್ಲಿ, ಅಂದರೆ ಕಂಪ್ಯೂಟರ್‌ನಲ್ಲಿ ಓಡುವ ಸಾಫ್ಟ್‌ವೇರ್ ಆಗಿ, ಸಿಗುತ್ತವೆ. ನಿಜವಾದ ಕೆಲಸ ಇರುವುದು ಬೇರೆ ಕಡೆ. ಟ್ರ್ಯಾಕ್ ನನ್ನ ಕೈಬಿಟ್ಟ ಮೇಲೆ ಅದನ್ನು ಯಾರೋ ಎಡಿಟರ್ ಕತ್ತರಿಸುತ್ತಾರೆ, ಮಧ್ಯದ ಭಾಗ ಕಿತ್ತು ಹಾಕುತ್ತಾರೆ, ಮೇಲೆ ಮಾತು ಕೂರಿಸುತ್ತಾರೆ. ಅಷ್ಟೆಲ್ಲ ಆದರೂ ಅದು ಸಂಗೀತವಾಗಿಯೇ ಉಳಿಯಬೇಕು.

ಹಾಗಾಗಿ ಮೊದಲು ನೋಡುವುದು ಟೆಂಪೋ, ಅಂದರೆ ಲಯದ ವೇಗ. ಜಾಹೀರಾತಿನ ಅವಧಿ ಸಾಮಾನ್ಯವಾಗಿ 15, 30 ಅಥವಾ 60 ಸೆಕೆಂಡ್. 96 ಬಿಪಿಎಂನಲ್ಲಿ (ನಿಮಿಷಕ್ಕೆ 96 ಬೀಟ್) ನಾಲ್ಕು ಬೀಟ್‌ನ ಒಂದು ಬಾರ್ ಸರಿಯಾಗಿ 2.5 ಸೆಕೆಂಡ್ ಬರುತ್ತದೆ. ಅಂದರೆ 15 ಸೆಕೆಂಡಿಗೆ 6 ಬಾರ್, 30ಕ್ಕೆ 12, 60ಕ್ಕೆ 24. ವೇಗ ಬೇಕಿದ್ದರೆ 128 ಬಿಪಿಎಂ. ಅಲ್ಲಿ 8, 16, 32 ಬಾರ್‌ಗಳಿಗೆ ಲೆಕ್ಕ ಕೂಡುತ್ತದೆ. 120 ಕೇಳಲು ದುಂಡಗಿನ ಸಂಖ್ಯೆ, ಆದರೆ 15 ಸೆಕೆಂಡಿಗೆ ಏಳೂವರೆ ಬಾರ್ ಆಗಿ ಬಿಡುತ್ತದೆ. ಕೊನೆಯ ಬಾರ್‌ನಲ್ಲಿ ಹೊಸದೇನೂ ನುಡಿಸುವುದಿಲ್ಲ. ಅದರ ಮೊದಲ ಬೀಟ್‌ಗೆ ಒಂದು ಹೊಡೆತ ಕೊಟ್ಟು, ಉಳಿದ ಜಾಗ ರಿವರ್ಬ್ (ಸದ್ದಿನ ಅನುರಣನ) ಇಳಿಯಲು ಬಿಡುತ್ತೇನೆ. ಸದ್ದು ಮೆಲ್ಲಗೆ ಕರಗಿಹೋಗುವ ಫೇಡ್‌ಔಟ್‌ನಿಂದ ಎಡಿಟರ್‌ಗೆ ಉಪಯೋಗವಿಲ್ಲ.

ಇನ್ನು ಸದ್ದಿನ ವಿಷಯ. ಹಳೇ ಅನಲಾಗ್ ಸಿಂಥ್‌ನ ಸೊಗಸು ಅಂದರೆ ಅದರ ಅಲುಗಾಟ, ಅಲ್ವಾ? ಮಿನಿಮೂಗ್‌ನಂಥ ಹಳೇ ಸಿಂಥ್‌ನ ಆಸಿಲೇಟರ್‌ಗಳು, ಅಂದರೆ ಸ್ವರ ಹುಟ್ಟಿಸುವ ಭಾಗಗಳು, ಬಿಸಿಯೇರಿದಂತೆ ಶ್ರುತಿಯಿಂದ ಸ್ವಲ್ಪ ಸರಿಯುತ್ತವೆ. ಕ್ಯಾಸೆಟ್‌ನಲ್ಲಿ ಟೇಪ್ ಓಡುವ ವೇಗ ಏರುಪೇರಾಗಿ ಸ್ವರ ತೂಗಾಡುತ್ತದೆ. ಇದನ್ನೆಲ್ಲ ಪ್ಲಗಿನ್‌ನಲ್ಲಿ ಧಾರಾಳವಾಗಿ ಸುರಿಯುವ ಆಸೆ ಯಾರಿಗಾದರೂ ಬರುತ್ತದೆ. ಆದರೆ ಎಡಿಟರ್ 8ನೇ ಬಾರ್ ಕೊನೆಗೆ 21ನೇ ಬಾರ್ ತಂದು ಅಂಟಿಸಿದಾಗ ಏನಾಗುತ್ತದೆ ಯೋಚಿಸಿ. ಒಂದು ಕಡೆ ಸ್ವರ ತುಸು ಮೇಲಿದೆ, ಇನ್ನೊಂದು ಕಡೆ ಕೆಳಗಿದೆ. ಬೆಸುಗೆ ಕಿವಿಗೆ ಹೊಡೆಯುತ್ತದೆ. ಅದಕ್ಕೇ ಟೇಪ್ ತೂಗಾಟವನ್ನು ನಾನು ಮೇಲಿನ ಅಲಂಕಾರದ ಪದರಕ್ಕಷ್ಟೇ ಹಾಕುತ್ತೇನೆ. ಬೇಸ್ ಮತ್ತು ಆರ್ಪೆಜಿಯೋ (ಒಂದೊಂದಾಗಿ ನುಡಿಸುವ ಕಾರ್ಡ್‌ನ ಸ್ವರಗಳು) ಶ್ರುತಿಯಲ್ಲಿ ಗಟ್ಟಿಯಾಗಿ ನಿಲ್ಲಬೇಕು.

ಎಲ್‌ಎಫ್‌ಓ, ಅಂದರೆ ಸದ್ದನ್ನು ನಿಧಾನ ಅಲೆಯಂತೆ ಏರಿಳಿಸುವ ಸಿಂಥ್‌ನ ಭಾಗ, ಕೂಡ ಹೀಗೇ. ತನ್ನಷ್ಟಕ್ಕೆ ಓಡುವ ಎಲ್‌ಎಫ್‌ಓ ಸದ್ದಿನ ಹೊಳಪನ್ನು ತಗ್ಗಿಸುವ ಫಿಲ್ಟರನ್ನು ಆಡಿಸುತ್ತಿದ್ದರೆ ಒಂದು ಬಾರ್ ಇದ್ದಂತೆ ಇನ್ನೊಂದು ಇರುವುದಿಲ್ಲ. ಅದನ್ನು ಟೆಂಪೋಗೆ ಕಟ್ಟಿ, ಪ್ರತಿ ಬಾರ್‌ಗೂ ಮೊದಲಿಂದ ಶುರುವಾಗುವಂತೆ ಮಾಡುತ್ತೇನೆ. 32 ಬಾರ್ ಉದ್ದಕ್ಕೂ ನಿಧಾನವಾಗಿ ತೆರೆದುಕೊಳ್ಳುವ ಫಿಲ್ಟರ್ ಸ್ವೀಪ್ ನನಗೂ ತುಂಬಾ ಇಷ್ಟ, ಆದರೆ ಅದು ಪ್ರತ್ಯೇಕ ಸ್ಟೆಮ್ (ಟ್ರ್ಯಾಕ್‌ನ ಒಂದು ಪದರ ಮಾತ್ರ ಇರುವ ಫೈಲ್) ಆಗಿ ಹೋಗುತ್ತದೆ. ಮುಖ್ಯ ಟ್ರ್ಯಾಕ್‌ನಲ್ಲಿ ಕಟಾಫ್, ಅಂದರೆ ಫಿಲ್ಟರ್ ಕತ್ತರಿಸಲು ಶುರುಮಾಡುವ ಮಟ್ಟ, ಮೆಟ್ಟಿಲು ಹತ್ತಿದಂತೆ 8 ಬಾರ್‌ಗೊಮ್ಮೆ ಏರುತ್ತದೆ.

ಮಾತಿಗೆ ಜಾಗ ಬಿಡುವ ವಿಷಯದಲ್ಲಿ ಹಳೇ ಯಂತ್ರಗಳ ಮಿತಿಗಳೇ ಸಹಾಯಕ್ಕೆ ಬರುತ್ತವೆ. ಪ್ರಾಫೆಟ್-5 ಎಂಬ ಸಿಂಥ್ ಒಮ್ಮೆಗೆ 5 ಸ್ವರ ನುಡಿಸುತ್ತದೆ, ಜೂನೋ-60 ಆರು. ಪ್ಲಗಿನ್‌ನಲ್ಲೂ ನಾನು ಅಷ್ಟಕ್ಕೇ ಕಡಿವಾಣ ಹಾಕುತ್ತೇನೆ. ಹೊಸ ಸ್ವರ ಬಂದಾಗ ಹಳೆಯದು ಜಾಗ ಬಿಡಲೇಬೇಕು, ಹಾಗಾಗಿ ಪ್ಯಾಡ್ (ಹಿನ್ನೆಲೆಯಲ್ಲಿ ಉದ್ದಕ್ಕೆ ನಿಲ್ಲುವ ಸ್ವರಗಳ ಪದರ) ಗಿಜಿಗುಡುವುದಿಲ್ಲ. ಜೂನೋದಲ್ಲಿ ಪ್ರತಿ ಸ್ವರಕ್ಕೆ ಒಂದೇ ಆಸಿಲೇಟರ್, ಅದೂ ಶ್ರುತಿ ಬಿಡದ ಡಿಜಿಟಲ್ ನಿಯಂತ್ರಣದ್ದು. ಅದರ ದಪ್ಪ ಸದ್ದಿನ ಬಹುಪಾಲು ಬರುವುದು ಕೋರಸ್‌ನಿಂದ, ಅಂದರೆ ಅದೇ ಸದ್ದಿನ ತುಸು ಅಲುಗುವ ಪ್ರತಿಯನ್ನು ಬೆರೆಸುವ ಎಫೆಕ್ಟ್‌ನಿಂದ. ಆ ಕೋರಸ್ ಪ್ಯಾಡನ್ನು ಎಡಬಲಕ್ಕೆ ಹರಡಿ, ನಡುವೆ ಮಾತಿಗೆ ಜಾಗ ಮಾಡಿಕೊಡುತ್ತದೆ. ಡ್ರಮ್‌ಗೆ ಗೇಟೆಡ್ ರಿವರ್ಬ್ ಹಾಕುವುದೂ ಬರೀ ಹಳೇ ಕಾಲದ ನೆನಪಿಗಲ್ಲ. ದೊಡ್ಡ ರಿವರ್ಬ್ ತಟ್ಟನೆ ನಿಂತುಬಿಡುವುದರಿಂದ ಮುಂದಿನ ಪದ ಮಸುಕಾಗುವುದಿಲ್ಲ.

ತೊಂದರೆ ಕೊಡುವುದು 1983ರ ಡಿಎಕ್ಸ್7 ಸಿಂಥ್ ಮಾದರಿಯ ಗಂಟೆ ಸದ್ದುಗಳು. ಅವುಗಳ ಚುರುಕೆಲ್ಲ ವ್ಯಂಜನಗಳು ಕೇಳಿಸುವ 2ರಿಂದ 4 ಕಿಲೋಹರ್ಟ್ಸ್‌ನಲ್ಲೇ ಕೂತಿರುತ್ತದೆ. ಅಲ್ಲಿ ಇಕ್ವಲೈಸರ್‌ನಿಂದ ತಗ್ಗಿಸಿದರೆ ಗಂಟೆಯೇ ಸತ್ತುಹೋಗುತ್ತದೆ. ಅದರ ಬದಲು ಬಾರ್‌ಗೆ ಒಂದೋ ಎರಡೋ ಸ್ವರ ಮಾತ್ರ ಇಡುತ್ತೇನೆ. ಟಿಆರ್-808 ಡ್ರಮ್ ಯಂತ್ರದ ಉದ್ದನೆಯ ಕಿಕ್‌ಗೆ (ತಗ್ಗು ಸದ್ದಿನ ಡ್ರಮ್ ಪೆಟ್ಟು) ಸಮಸ್ಯೆ ಉಲ್ಟಾ. ಫೋನ್ ಸ್ಪೀಕರ್‌ನಲ್ಲಿ ಅದು ಕೇಳಿಸುವುದೇ ಇಲ್ಲ. ಸ್ವಲ್ಪ ಸ್ಯಾಚುರೇಶನ್ ಕೊಟ್ಟು ಸದ್ದನ್ನು ತುಸು ಒರಟಾಗಿಸಿದರೆ ಮೇಲಿನ ಹಾರ್ಮೋನಿಕ್‌ಗಳು, ಅಂದರೆ ಎತ್ತರದ ಉಪಸ್ವರಗಳು, ಹುಟ್ಟಿ ಪೆಟ್ಟು ಗೊತ್ತಾಗುತ್ತದೆ.

ನಿಜವಾದ ಯಂತ್ರವೋ ಪ್ಲಗಿನ್ನೋ ಎಂಬ ಜಗಳದಲ್ಲಿ ನಾನು ಪ್ಲಗಿನ್ ಪಕ್ಷ. ಮಿನಿಮೂಗ್‌ಗೆ ನೆನಪಿನ ಶಕ್ತಿಯೇ ಇಲ್ಲ, ಯಾವ ಗುಂಡಿ ಎಲ್ಲಿತ್ತು ಎಂದು ಹಾಳೆಯಲ್ಲಿ ಬರೆದಿಡಬೇಕು. ತಿಂಗಳುಗಳ ನಂತರ ಬೇಸ್ ಒಂಚೂರು ಕಡಿಮೆ ಮಾಡಿ ಎಂದು ಕೇಳಿದಾಗ ಅದೇ ಸದ್ದು ತಕ್ಷಣ ತೆರೆಯಬೇಕಲ್ಲ.

ಕೆಲವರು ಒಂದು ಪ್ರಸಿದ್ಧ ಹಾಡು ಕಳಿಸಿ ಹೀಗೇ ಬೇಕು ಅನ್ನುತ್ತಾರೆ. ಅದರಿಂದ ಟೆಂಪೋ, ವಾದ್ಯಗಳ ಬಗೆ, ಒಟ್ಟಾರೆ ಭಾವ ಇಷ್ಟನ್ನು ನೋಡಿಕೊಂಡು ಹಾಡನ್ನು ಮುಚ್ಚಿಬಿಡುತ್ತೇನೆ. ಸಿಂಥ್‌ನ ಬಣ್ಣ ಯಾರ ಸ್ವತ್ತೂ ಅಲ್ಲ, ರಾಗದ ಸಾಲು ಮಾತ್ರ ಖಂಡಿತ ಯಾರದೋ ಸ್ವತ್ತು. ಹಳೇ ರೆಕಾರ್ಡ್‌ನಿಂದ ತುಣುಕು ಎತ್ತುವುದಂತೂ ಬೇಡ. ರಚನೆಯ ಹಕ್ಕು, ರೆಕಾರ್ಡಿಂಗ್ ಹಕ್ಕು ಎರಡನ್ನೂ ಬಿಡಿಸಿಕೊಳ್ಳಬೇಕಾಗುತ್ತದೆ. ರೆಡಿಮೇಡ್ ಲೂಪ್‌ಗಳನ್ನೂ (ಮತ್ತೆ ಮತ್ತೆ ನುಡಿಸುವ ಸಿದ್ಧ ತುಣುಕುಗಳು) ದೂರ ಇಡುತ್ತೇನೆ. ಅದೇ ಲೂಪ್ ಬಳಸಿದ ಬೇರೊಬ್ಬರ ಹಾಡು ಹಕ್ಕಿರುವ ಸಂಗೀತವನ್ನು ತಾನಾಗಿ ಗುರುತಿಸುವ ಯೂಟ್ಯೂಬ್‌ನ ಕಂಟೆಂಟ್ ಐಡಿಯಲ್ಲಿ ನೋಂದಣಿಯಾಗಿದ್ದರೆ, ನನ್ನ ಟ್ರ್ಯಾಕ್ ಬಳಸಿದವರ ವಿಡಿಯೋಗೆ ಸುಮ್ನೆ ಕ್ಲೇಮ್ ಬೀಳಬಹುದು.

ಕಳಿಸುವಾಗ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್. ಪೂರ್ಣ ಮಿಕ್ಸ್, ಡ್ರಮ್ ಇಲ್ಲದ್ದು, ಲೀಡ್ (ಮುಖ್ಯ ರಾಗದ ಸಾಲು) ಇಲ್ಲದ್ದು, ಬರೀ ಪ್ಯಾಡ್ ಮತ್ತು ಬೇಸ್, ಜೊತೆಗೆ ಸ್ಟೆಮ್‌ಗಳು. ಸ್ಟೆಮ್‌ಗಳೆಲ್ಲ ಒಂದೇ ಕ್ಷಣದಿಂದ ಶುರುವಾಗಬೇಕು, ಕೂಡಿಸಿದರೆ ಪೂರ್ಣ ಮಿಕ್ಸ್ ಆಗಬೇಕು. ಮಾಸ್ಟರ್‌ನಲ್ಲಿ, ಅಂದರೆ ಅಂತಿಮ ಮಿಕ್ಸ್‌ನಲ್ಲಿ, ಏರಿದ ಸದ್ದನ್ನು ಅದುಮುವ ಲಿಮಿಟರ್ ಜೋರಾಗಿ ಒತ್ತಿದ್ದರೆ ಇದು ಸಾಧ್ಯವಿಲ್ಲ. ಫೈಲ್ ಜೊತೆ ಕೊಡುವ ವಿವರದಲ್ಲಿ (ಮೆಟಾಡೇಟಾ) ಬರೀ ‘80ರ ದಶಕ, ರೆಟ್ರೋ’ ಎಂದು ಬರೆದು ಬಿಡುವುದಿಲ್ಲ, ಆ ರಾಶಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಎಡಿಟರ್ ಹುಡುಕುವುದು ದೃಶ್ಯಕ್ಕೆ ಬೇಕಾದ್ದನ್ನು: ರಾತ್ರಿ ಪ್ರಯಾಣ, ತನಿಖೆ, ಪ್ರಯೋಗಾಲಯ, ಕಾಯುವ ಆತಂಕ. ನನ್ನ ಟ್ರ್ಯಾಕ್‌ಗಳಲ್ಲಿ ಹೆಚ್ಚು ಬಳಕೆಯಾಗುವುದು ಡ್ರಮ್ ಇಲ್ಲದ ಆವೃತ್ತಿ. ಈಗೀಗ ಅದನ್ನೇ ಮೊದಲು ಮಿಕ್ಸ್ ಮಾಡಿ, ಆಮೇಲೆ ಡ್ರಮ್ ಸೇರಿಸುತ್ತೇನೆ.